ಮಗಳ ಹಲ್ಲಿಗೆ ಕ್ಲಿಪ್ ಹಾಕಿಸುವಾಗ ‘ರಿಸರ್ಚ್’ ಕಾಗದಕ್ಕೆ ಸಹಿ ಹಾಕಬಹುದಾ?

ಅಕ್ಕಾರೆ, ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಮೂರು ವರ್ಷದ ಹಿಂದೆ ಇಂಥದ್ದೇ ಕಾಗದ ಕೈಯಲ್ಲಿ ಹಿಡಿದು ನಾನೂ ರಾಯಚೂರಿನ ಡೆಂಟಲ್ ಕಾಲೇಜಿನ ಬೆಂಚಿನ ಮೇಲೆ ಕೂತಿದ್ದೆ. ನೀವು ಕೇಳಿದ್ದು ಇಷ್ಟು: 13 ವರ್ಷದ ಮಗಳಿಗೆ ಉಬ್ಬು ಹಲ್ಲು. ಕ್ಲಿಪ್ ಹಾಕಿಸಲು ಮಾನ್ವಿಯಿಂದ ಕರೆದುಕೊಂಡು ಹೋದಿರಿ. ಪಿ.ಜಿ. ಡಾಕ್ಟರ್ "ನಮ್ಮ ಸ್ಟಡಿಗೆ ಸೇರಿಸ್ಕೊಳ್ತೀವಿ, ಸಹಿ ಮಾಡಿ" ಅಂದರು. ಮನೆಯಲ್ಲಿ ನಿಮ್ಮ ಅತ್ತೆಯವರು "ನಮ್ ಹುಡುಗಿ ಮ್ಯಾಲೆ ಪ್ರಯೋಗ ಮಾಡ್ತಾರೇನು?" ಅಂತ ಹಟ ಹಿಡಿದಿದ್ದಾರೆ.

ನಾನು ಸಹಿ ಹಾಕಿದೆ. ಆದರೆ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಂಡ ಮೇಲೆ. ನಾನು ಡಾಕ್ಟರ್ ಅಲ್ಲ, ಸಿಂಧನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಹಲ್ಲಿನ ವಿಷಯ ಗೊತ್ತಾಗಿದ್ದು ಮಗಳ ಬಾಯಿಂದ ಮತ್ತು ನನ್ನ ಕ್ಯಾಮೆರಾದಿಂದ. ಅಷ್ಟು ತಿಳಿದುಕೊಂಡು ಓದಿ.

ಮೊದಲು, ಅವರಿಗೆ ನಿಮ್ಮ ಮಗಳೇ ಯಾಕೆ ಬೇಕು ಅನ್ನೋದು. ಆ ಪಿ.ಜಿ. ಡಾಕ್ಟರ್ ಓದುತ್ತಿರುವುದು ಎಂ.ಡಿ.ಎಸ್., ಹಲ್ಲಿನ ಡಾಕ್ಟರ್ ಆದ ಮೇಲೆ ಓದುವ ಮೂರು ವರ್ಷದ ಕೋರ್ಸು. ಪಾಸಾಗಲು ಪ್ರತಿಯೊಬ್ಬರೂ ಒಂದು ಥೀಸಿಸ್, ಅಂದರೆ ತಾವೇ ಸಂಶೋಧನೆ ಮಾಡಿ ಬರೆದ ಪ್ರಬಂಧ, ಮಾಡಲೇಬೇಕು. ಅದಕ್ಕೆ ಪೇಶಂಟ್ ಬೇಕು. ಹೊಸ ಔಷಧಿ ಚುಚ್ಚುವ ಸಂಶೋಧನೆ ಬೇರೆ, ಇದು ಬೇರೆ. ನನ್ನ ಮಗಳದ್ದು ತಂತಿಯ ಸ್ಟಡಿ. ಎರಡು ಬಗೆಯ ತಂತಿ, ಎರಡೂ ಎಷ್ಟೋ ವರ್ಷದಿಂದ ಎಲ್ಲರ ಬಾಯಲ್ಲೂ ಹಾಕುತ್ತಿರುವಂಥವು. ಯಾವುದು ಹಲ್ಲನ್ನು ಬೇಗ ಸಾಲಿಗೆ ತರುತ್ತದೆ ಅಂತ ನೋಡುವುದಷ್ಟೇ ಕೆಲಸ.

ಯಾರಿಗೆ ಯಾವ ತಂತಿ ಅನ್ನೋದನ್ನು ಡಾಕ್ಟರ್ ಆರಿಸುವಂತಿಲ್ಲ. ಒಳಗೆ ಏನಿದೆ ಅಂತ ಕಾಣದ, ಅಂಟಿಸಿದ ಲಕೋಟೆ ಒಡೆದು ನೋಡಿದರು. ಚೀಟಿ ಎತ್ತಿದ ಹಾಗೆ! ನನ್ನ ಹೆಂಡತಿಗೆ ಇದೇ ಸರಿ ಬರಲಿಲ್ಲ. "ನಮ್ ಕೂಸಿನ ಹಲ್ಲಿಗೆ ಲಾಟರಿಯಾ?" ಅಂದಳು. ಆ ಹುಡುಗಿ ಡಾಕ್ಟರ್ ಬೇಜಾರಾಗದೆ ಹೇಳಿದರು: "ಅಮ್ಮಾ, ನನ್ನ ಕೈಗೆ ಬಿಟ್ಟರೆ ಸುಲಭದ ಕೇಸಿಗೆಲ್ಲ ನನಗೆ ಇಷ್ಟವಾದ ತಂತಿ ಹಾಕಿಬಿಡ್ತೀನಿ. ಆಮೇಲೆ ಅದೇ ಒಳ್ಳೇದು ಅಂತ ಬರೀತೀನಿ." ಆ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬಂತು.

ಅಳೆಯುವುದನ್ನೂ ಪಕ್ಕದಲ್ಲೇ ನಿಂತು ನೋಡಿದೆ. ಬಾಯಿಯ ಅಚ್ಚು ತೆಗೆದು ಬಿಳಿ ಪ್ಲಾಸ್ಟರಿನಲ್ಲಿ ಹಲ್ಲಿನ ಸಾಲು ಮಾಡುತ್ತಾರೆ. ಕೆಳಗಿನ ಮುಂದಿನ ಆರು ಹಲ್ಲು. ಒಂದು ಹಲ್ಲು ಪಕ್ಕದ್ದಕ್ಕೆ ತಾಗಬೇಕಾದ ಐದು ಜಾಗ. ಒಂದೊಂದರಲ್ಲೂ ಎಷ್ಟು ಸರಿದಿದೆ ಅಂತ ವರ್ನಿಯರ್ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ಸಾಧನ) ಹಿಡಿದು ಅಳೆದು, ಐದನ್ನೂ ಕೂಡಿಸುತ್ತಾರೆ. ಬಂಗಾರದ ಅಂಗಡಿಯಲ್ಲಿ ಸಣ್ಣ ತಕ್ಕಡಿ ನೋಡುವ ಹಾಗೆ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಈ ಲೆಕ್ಕ ಕಂಡುಹಿಡಿದವರು ಅಮೆರಿಕದ ರಾಬರ್ಟ್ ಲಿಟಲ್, 1975ರಲ್ಲಿ. ಇವರ ಹೆಸರು ಮುಂದೆ ಇನ್ನೊಂದು ಸಲ ಬರುತ್ತದೆ.

ಇಂಥ ಸ್ಟಡಿಯಿಂದ ನಮಗೇನು ಲಾಭ ಅಂತೀರಾ? ನಾನು ಮೊದಲು ಬೇರೆ ಕಡೆ ವಿಚಾರಿಸಿದಾಗ, ರಬ್ಬರ್ ಇಲ್ಲದೆ ತಾನೇ ಬಾಗಿಲು ಮುಚ್ಚಿ ತಂತಿ ಹಿಡಿಯುವ ಬ್ರಾಕೆಟ್ (ತಂತಿ ಕೂರಿಸಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಹಾಕಿಸಿ, ಬೇಗ ಮುಗಿಯುತ್ತದೆ ಅಂದಿದ್ದರು. ರೇಟು ಜಾಸ್ತಿ. ಅದಕ್ಕೆ ಸೆಲ್ಫ್ ಲೈಗೇಟಿಂಗ್ ಅನ್ನುತ್ತಾರೆ. ಮಾಮೂಲಿ ಬ್ರಾಕೆಟ್ ಜೊತೆ ಇಟ್ಟು ಹೋಲಿಸಿದ ಸ್ಟಡಿಗಳಲ್ಲಿ ಒಟ್ಟು ಸಮಯವೇನೂ ಉಳಿಯಲಿಲ್ಲ. ದಿನಕ್ಕೆ 20 ನಿಮಿಷ ಕಚ್ಚಿಕೊಂಡರೆ ಗುಂಯ್ ಅಂತ ಅಲುಗಿ ಹಲ್ಲು ಬೇಗ ಸರಿಸುವ ಯಂತ್ರವೂ ಮಾರುಕಟ್ಟೆಗೆ ಬಂದಿತ್ತು. ಇಂಗ್ಲೆಂಡಿನಲ್ಲಿ ಕೆಲವು ಮಕ್ಕಳಿಗೆ ನಿಜವಾದ ಯಂತ್ರ, ಕೆಲವರಿಗೆ ಅಲುಗದ ಡಮ್ಮಿ, ಉಳಿದವರಿಗೆ ಬರೀ ಕ್ಲಿಪ್ ಕೊಟ್ಟು ನೋಡಿದರು. 2015ರಲ್ಲಿ ಬಂದ ಫಲಿತಾಂಶ: ಯಾವ ವ್ಯತ್ಯಾಸವೂ ಇಲ್ಲ. ಅವರೂ ನಿಮ್ಮ ಮಗಳ ವಯಸ್ಸಿನ ಆಸುಪಾಸಿನ ಮಕ್ಕಳೇ, ಅವರ ಅಪ್ಪ ಅಮ್ಮಂದಿರೂ ಇಂಥ ಕಾಗದಕ್ಕೆ ಸಹಿ ಹಾಕಿದವರೇ. ಯಾವುದೋ ಊರಿನವರು ಹಾಕಿದ ಸಹಿಯಿಂದ ನನ್ನ ಜೇಬು ಉಳಿಯಿತು, ಅಲ್ವಾ?

ಸ್ಟಡಿಗೆ ಸೇರಿದರೂ ಬಿಟ್ಟರೂ ಕ್ಲಿಪ್ಪಿಗೆ ಟೈಮ್ ಹಿಡಿಯುತ್ತದೆ. ಎಷ್ಟೋ ಸ್ಟಡಿಗಳನ್ನು ಒಟ್ಟು ಹಾಕಿ ನೋಡಿದಾಗ ಬಂದ ಸರಾಸರಿ ಸುಮಾರು 20 ತಿಂಗಳು. ಆರು ತಿಂಗಳಲ್ಲಿ ಮುಗಿಸ್ತೀವಿ ಅನ್ನುವವರ ಹತ್ತಿರ ಹುಷಾರು.

ಈಗ ನನ್ನ ಕಸುಬಿನ ವಿಷಯ. ಫೋಟೋ ತೆಗೆಸಲು ಕಾಲೇಜಿನ ರೂಮಿಗೆ ಹೋದಾಗ ನನಗೆ ಖುಷಿಯೋ ಖುಷಿ. ಮ್ಯಾಕ್ರೋ ಲೆನ್ಸು, ಅದರ ಮೂತಿಗೆ ರಿಂಗ್ ಫ್ಲ್ಯಾಶು. ಕೆನ್ನೆ ಎಳೆದು ಹಿಡಿಯಲು ಪ್ಲಾಸ್ಟಿಕ್ ಕೊಕ್ಕೆ. ಒಳಗಿನ ಹಲ್ಲು ಕಾಣಲು ಕನ್ನಡಿ, ಅದನ್ನು ಬಿಸಿ ನೀರಲ್ಲಿ ಅದ್ದಿ ತೆಗೆಯುತ್ತಾರೆ, ಇಲ್ಲದಿದ್ದರೆ ಉಸಿರಿಗೆ ಮಂಜು ಹಿಡಿಯುತ್ತದೆ. ನಗುವಿನ ಫೋಟೋಗೆ ಮಾತ್ರ ನಮ್ಮಿಬ್ಬರಿಗೂ ಜಗಳ. ನನಗೆ ಬೇಕಾದ್ದು ಜೋಕ್ ಹೇಳಿದಾಗ ಉಕ್ಕುವ ನಗು. ಅವರಿಗೆ ಇವತ್ತು, ಮುಂದಿನ ವರ್ಷ, ಯಾವಾಗ ಕೇಳಿದರೂ ಒಂದೇ ಥರ ಬರುವ ನಗು. ಹೋಲಿಸಬೇಕಲ್ಲ, ಅದಕ್ಕೆ.

ನನ್ನ ಮಗಳ ಮೇಲಿನ ಎರಡು ಮುಂಹಲ್ಲುಗಳ ನಡುಗೆರೆ ಮೂಗಿನ ನೇರಕ್ಕೆ ಇರಲಿಲ್ಲ, ಸ್ವಲ್ಪ ಬಲಕ್ಕೆ. ಡಾಕ್ಟರಿಗೆ ಅದೇ ಚಿಂತೆ. ನಾನು ಅಷ್ಟು ವರ್ಷ ಅವಳ ಫೋಟೋ ತೆಗೆದಿದ್ದೇನೆ, ಒಂದು ದಿನವೂ ನನಗೆ ಕಂಡಿರಲಿಲ್ಲ! ಆಗ ಅವರೇ ಒಂದು ಸ್ಟಡಿ ಹೇಳಿದರು. 1999ರಲ್ಲಿ ಕೊಕಿಚ್ ಅನ್ನುವವರು ಜೊತೆಗಾರರನ್ನು ಸೇರಿಸಿಕೊಂಡು, ನಗುವಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಬೇಕಂತಲೇ ಕೆಡಿಸಿ, ಕ್ಲಿಪ್ ಡಾಕ್ಟರು, ಮಾಮೂಲಿ ಹಲ್ಲಿನ ಡಾಕ್ಟರು, ಜನಸಾಮಾನ್ಯರು ಮೂರೂ ಕಡೆಯವರಿಗೆ ತೋರಿಸಿದರು. ನಡುಗೆರೆ 4 ಮಿ.ಮೀ. ಸರಿದಾಗ ಕ್ಲಿಪ್ ಡಾಕ್ಟರರಿಗೆ ಅದು ಚೆನ್ನಾಗಿ ಕಾಣಲಿಲ್ಲ. ಉಳಿದವರಿಗೆ ಆಗಲೂ ಗೊತ್ತೇ ಆಗಲಿಲ್ಲ.

ಫೋಟೋ ಕೆಡಿಸೋದು, ಸರಿ ಮಾಡೋದು ನಮ್ಮ ದಿನದ ಕೂಲಿ. ಸುಮ್ನೆ ಇರಲಾರದೆ ನಾನೂ ಮಾಡಿದೆ. ಮಗಳ ಫೋಟೋದಲ್ಲಿ ನಡುಗೆರೆಯನ್ನು ಇನ್ನಷ್ಟು ಬಲಕ್ಕೆ ಸರಿಸಿ, ಪಾಸ್‌ಪೋರ್ಟ್ ಸೈಜ್ ಫೋಟೋಗೆ ಕಾಯುತ್ತಿದ್ದ ನಾಲ್ಕೈದು ಜನಕ್ಕೆ ತೋರಿಸಿ "ಏನರ ತಪ್ಪೈತೇನ್ರಿ?" ಅಂತ ಕೇಳಿದೆ. ಒಬ್ಬರಿಗೂ ಕಾಣಲಿಲ್ಲ. ಒಬ್ಬ ಅಜ್ಜ "ತಲಿ ಬಾಚಬೇಕಿತ್ತು" ಅಂದ.

ಹಾಗಾದರೆ ನಮ್ಮ ಕಡೆ ಜನ ನಗಲು ನಾಚುವುದು ಯಾಕೆ? ನನ್ನ ಸ್ಟುಡಿಯೋದಲ್ಲಿ ಜಾಸ್ತಿ ಕೇಳುವ ಮಾತು, "ಅಣ್ಣಾ, ಹಲ್ಲು ಕಾಣದಂಗ ತೆಗೀರಿ." ಮದುವೆ ನೋಡಲು ಫೋಟೋ ತೆಗೆಸಲು ಬಂದ ಹುಡುಗಿಯರು ತುಟಿ ಬಿಗಿ ಹಿಡಿದೇ ಕೂರುತ್ತಾರೆ. ಹಲ್ಲು ಸಾಲಾಗೇ ಇರುತ್ತವೆ, ಆದರೆ ಮೇಲೆ ಕಂದು ಪಟ್ಟೆ, ಸುಣ್ಣದಂಥ ಮಚ್ಚೆ. ರಾಯಚೂರು, ಕೊಪ್ಪಳ ಜಿಲ್ಲೆಯ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿ.ಗ್ರಾಂ. ದಾಟಬಾರದು. ಹಲ್ಲು ಒಸಡಿನೊಳಗೆ ತಯಾರಾಗುವ ಎಳೆ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಲೆ ಕೂತುಬಿಡುತ್ತದೆ. ಇದೂ ಒಬ್ಬ ಹಲ್ಲಿನ ಡಾಕ್ಟರು ಜನರ ಬಾಯಿ ನೋಡುತ್ತಾ ಹೋದದ್ದರಿಂದಲೇ ಗೊತ್ತಾಗಿದ್ದು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ಮ್ಯಾಕೇ ಅನ್ನುವವರು ಅಲ್ಲಿನವರ ಕಂದು ಹಲ್ಲು ನೋಡಿ ತಲೆ ಕೆಡಿಸಿಕೊಂಡರು. ನೀರಿನ ಫ್ಲೋರೈಡೇ ಕಾರಣ ಅಂತ ತಿಳಿದಿದ್ದು 1931ರಲ್ಲಿ.

ನಿಮ್ಮ ಮಗಳಿಗೆ ಅಂಥ ಕಲೆ ಇದ್ದರೆ ಡಾಕ್ಟರಿಗೆ ಮೊದಲೇ ತೋರಿಸಿ. ಕ್ಲಿಪ್ ಹಲ್ಲನ್ನು ಸಾಲಿಗೆ ತರುತ್ತದೆ, ಬಣ್ಣ ತೆಗೆಯುವುದಿಲ್ಲ. ಬ್ರಾಕೆಟ್ ಅಂಟಿಸುವ ಮೊದಲು ಹಲ್ಲಿಗೆ ಆಸಿಡ್ ಹಚ್ಚಿ ಒರಟು ಮಾಡುತ್ತಾರೆ. ಕಲೆ ಜಾಸ್ತಿ ಇರುವ ಹಲ್ಲು ಆ ಆಸಿಡ್ಡಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಬ್ರಾಕೆಟ್ ಕಿತ್ತು ಬರುವ ಸಾಧ್ಯತೆ ಇರುತ್ತದೆ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ಟಿನ ಸುತ್ತ ಹೊಸ ಬಿಳಿ ಮಚ್ಚೆಯೂ ಬರುತ್ತದೆ. ಯಾವುದು ಹಳೆಯದು, ಯಾವುದು ಹೊಸದು ಅನ್ನೋ ಜಗಳ ಬೇಡ. ಕ್ಲಿಪ್ ಹಾಕುವ ಮೊದಲಿನ ಫೋಟೋದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಇನ್ನು ಕಾಗದ. ಕನ್ನಡದ ಪ್ರತಿ ಕೊಡಲೇಬೇಕು, ಇಂಗ್ಲಿಷಿನದ್ದಕ್ಕೆ ಸಹಿ ಹಾಕಬೇಡಿ. ಮಗಳಿಗೆ 13 ಆಗಿರುವುದರಿಂದ ಅವಳ ಒಪ್ಪಿಗೆಯನ್ನೂ ಬರೆಸಿಕೊಳ್ಳಬೇಕು, ನೀವೊಬ್ಬರೇ ಹೂಂ ಅಂದರೆ ಸಾಲದು. ನಡುವೆ ಯಾವಾಗ ಬೇಕಾದರೂ ಸ್ಟಡಿ ಬಿಡಬಹುದು, ಬಿಟ್ಟರೂ ಟ್ರೀಟ್‌ಮೆಂಟ್ ನಿಲ್ಲಬಾರದು. ಈ ಎರಡು ಮಾತು ಕಾಗದದಲ್ಲಿ ಇದೆಯಾ ನೋಡಿ. ಸ್ಟಡಿಯಿಂದ ಪೇಶಂಟಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿದೆಯಾ ಕೇಳಿ. ಎರಡು ಚಿಕಿತ್ಸೆ ಹೋಲಿಸುವ ಟ್ರಯಲ್ ಆದರೆ ಸಿ.ಟಿ.ಆರ್.ಐ. (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ನಂಬರ್ ಕೇಳಿ. ಅದು 2007ರಲ್ಲಿ ಶುರುವಾದ ಸರ್ಕಾರಿ ದಾಖಲೆ, ಯಾರು ಬೇಕಾದರೂ ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು. ಟ್ರೀಟ್‌ಮೆಂಟಿಗೆ ಬೇಕಾದ್ದಕ್ಕಿಂತ ಒಂದು ಎಕ್ಸ್‌ರೇ ಜಾಸ್ತಿ ತೆಗೆಯುತ್ತಾರಾ? ಮುಖದ ಫೋಟೋ ಎಲ್ಲೆಲ್ಲಿ ಹಾಕುತ್ತಾರೆ? ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಗುರುತು ಸಿಗಲ್ಲ ಅಂದರೆ ನಂಬಬೇಡಿ. ಫೋಟೋದವನ ಮಾತು ಇದು, ನಗು ನೋಡಿಯೇ ಓಣಿಯವರೆಲ್ಲ ಗುರುತು ಹಿಡಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಆ ಡಾಕ್ಟರ್ ಎಷ್ಟನೇ ವರ್ಷದಲ್ಲಿದ್ದಾರೆ ಕೇಳಿ. ನಾನು ಕೇಳಲಿಲ್ಲ. ನಮ್ಮ ಡಾಕ್ಟರ್ ನಡುವೆಯೇ ಪಾಸಾಗಿ ಹೋದರು. ಕೇಸು ಇನ್ನೊಬ್ಬರ ಕೈಗೆ ಹೋಗುವಷ್ಟರಲ್ಲಿ ಎರಡು ತಿಂಗಳು ದಂಡ. ಸಿಂಧನೂರಿನಿಂದ ಬಸ್ಸಿನಲ್ಲಿ ಹೋಗಿ "ಮುಂದಿನ ವಾರ ಬನ್ನಿ" ಅನ್ನಿಸಿಕೊಂಡು ಬರುವ ಸಂಕಟ ನನಗೇ ಗೊತ್ತು.

ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಾಕಿಕೊಳ್ಳಲು ಕೊಡುವ ರಿಟೇನರ್ ಬಗ್ಗೆ ಮಾತ್ರ ಯಾವ ರಾಜಿಯೂ ಬೇಡ. ಅದೇ ಲಿಟಲ್ ಮತ್ತು ಅವರ ಕಡೆಯವರು, ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡವರನ್ನು ರಿಟೇನರ್ ನಿಲ್ಲಿಸಿ 10 ವರ್ಷ ಆದ ಮೇಲೆ ಮತ್ತೆ ಕರೆಸಿ ಅಳೆದರು. ಕೆಳಗಿನ ಮುಂಹಲ್ಲು ಚೆನ್ನಾಗಿ ಉಳಿದಿದ್ದು 10ರಲ್ಲಿ 3 ಜನಕ್ಕೂ ಕಡಿಮೆ. 20 ವರ್ಷಕ್ಕೆ ನೋಡಿದರೆ 10ಕ್ಕೆ ಒಬ್ಬರು. ನನ್ನ ಮಗಳು ಮೊದಲನೇ ರಿಟೇನರನ್ನು ಗಂಗಾವತಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ತೆಗೆದು ಪೇಪರಿನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟಳು. ಎಲೆ ಎತ್ತುವವರು ಅದನ್ನೂ ಎತ್ತಿಕೊಂಡು ಹೋದರು. ಅವಳ ಮಾವ ಛತ್ರದ ಹಿಂದಿನ ಎಲೆ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿದ, ಸಿಗಲಿಲ್ಲ. ಮತ್ತೆ ಅಚ್ಚು, ಮತ್ತೆ ದುಡ್ಡು. ಹಾಗಾಗಿ ರಿಟೇನರ್ ಜೊತೆ ಕೊಡುವ ಡಬ್ಬಿ ಬ್ಯಾಗಿನಲ್ಲೇ ಇರಲಿ.