ಉಸಿರು ಕಮ್ಮಿಯಾಗಿದೆಯೋ, ಜಾಸ್ತಿಯಾಗಿದೆಯೋ?

ಪ್ರಶ್ನೆ: ನನಗೆ 43 ವರ್ಷ. ಆಫೀಸ್ ಮುಗಿಸಿಕೊಂಡು ವಾರಕ್ಕೆರಡು ಸಂಜೆ ಗಾಂಧಿ ಬಜಾರಿನ ಹತ್ತಿರ ಸಂಗೀತ ಕ್ಲಾಸಿಗೆ ಹೋಗುತ್ತೇನೆ. ದೇವರನಾಮ ಹಾಡುವಾಗ ಸಾಲಿನ ಮಧ್ಯದಲ್ಲೇ ಉಸಿರು ಮುಗಿದುಹೋಗುತ್ತದೆ. ಯಾವುದೋ ವಿಡಿಯೋ ನೋಡಿ, ಹೊಟ್ಟೆ ಒಳಗೆಳೆದು ಎದೆ ತುಂಬ ಉಸಿರು ತುಂಬಿಕೊಳ್ಳುವ ಅಭ್ಯಾಸ ಮಾಡಿದೆ. ತಲೆ ಸುತ್ತಿತು. ಏನು ಮಾಡಲಿ?
– ಓದುಗರೊಬ್ಬರು, ಹನುಮಂತನಗರ

ಉತ್ತರ: ಮೊದಲು ಆ ಅಭ್ಯಾಸ ಬಿಡಿ. ಮೇಲಿಂದ ಮೇಲೆ ದೊಡ್ಡ ಉಸಿರೆಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ತಲೆ ಸುತ್ತುತ್ತದೆ. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ ಅಂದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ನನ್ನ ಲೆಕ್ಕದಲ್ಲಿ ನಿಮಗೆ ಉಸಿರು ಸಾಲದೆ ಇರುವುದಲ್ಲ, ಜಾಸ್ತಿಯಾಗಿರುವುದು. ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಎಳೆಯುವುದು ಸುಮಾರು ಅರ್ಧ ಲೀಟರ್ ಗಾಳಿ, ಒಂದು ಹಾಲಿನ ಪ್ಯಾಕೆಟ್ಟಿನಷ್ಟು. ಹಾಡಿಗೆ ಇನ್ನೂ ಬೇಕು, ನಿಜ. ಆದರೆ ಎದೆ ಉಬ್ಬಿಸಿ ತುರುಕಿದ ಗಾಳಿ ಬಾಯಿ ತೆರೆದ ಕೂಡಲೇ ಹೊರಗೆ ನುಗ್ಗುತ್ತದೆ. ಎರಡು ಅಕ್ಷರಕ್ಕೇ ಅರ್ಧ ಖಾಲಿ. ಆಮೇಲೆ ‘ಪುರಂದರ ವಿ’ ಅಂತ ನಿಲ್ಲಿಸಿ, ಉಸಿರೆಳೆದು ‘ಠಲ’ ಅನ್ನಬೇಕಾಗುತ್ತದೆ!

ನಗುತ್ತಿಲ್ಲ, ನಾನೂ ಹಾಗೇ ಹಾಡಿದವಳು. ಇಪ್ಪತ್ತರ ವಯಸ್ಸಿನಲ್ಲಿ ಒಂದು ರಾಮನವಮಿ ಪೆಂಡಾಲಿನಲ್ಲಿ ಹಾಡಿ ಇಳಿದಾಗ ಮೃದಂಗದವರು ಮೆಲ್ಲಗೆ ಹೇಳಿದರು: “ಹಾಡು ಚೆನ್ನಾಗಿತ್ತಮ್ಮ. ಆದ್ರೆ ಮೈಕಲ್ಲಿ ನಿನ್ನ ಉಸಿರೇ ಜಾಸ್ತಿ ಕೇಳಿಸ್ತಿತ್ತು.” ಆ ದಿನ ಪಾನಕ ಗಂಟಲಲ್ಲಿ ಇಳಿಯಲಿಲ್ಲ.

ಶ್ವಾಸಕೋಶದ ಕೆಳಗೆ ಕೊಡೆಯ ಹಾಗೆ ಕಮಾನಾಗಿರುವ ಸ್ನಾಯುವಿಗೆ ವಪೆ ಅನ್ನುತ್ತಾರೆ. ಉಸಿರು ಒಳಗೆ ಬರುವಾಗ ಅದು ಕೆಳಗಿಳಿಯುತ್ತದೆ, ಹೊಟ್ಟೆ ಸ್ವಲ್ಪ ಮುಂದೆ ಬರುತ್ತದೆ. ನೀವು ಹೊಟ್ಟೆಯನ್ನೇ ಒಳಗೆಳೆದುಕೊಂಡರೆ ಅದು ಇಳಿಯುವುದೆಲ್ಲಿಗೆ? ಪಾಪ, ಭುಜ ಮೇಲೇಳುತ್ತದೆ, ಕತ್ತು ಬಿಗಿಯುತ್ತದೆ.

ಬೆಳಿಗ್ಗೆ ಚಾಪೆ ಮೇಲೆ ಅಂಗಾತ ಮಲಗಿ, ಹೊಟ್ಟೆ ಮೇಲೆ ಒಂದು ಕೆಜಿ ಅಕ್ಕಿ ಪ್ಯಾಕೆಟ್ ಇಟ್ಟುಕೊಳ್ಳಿ. ಏನೂ ಮಾಡಬೇಡಿ, ಸುಮ್ನೆ ನೋಡಿ. ಪ್ಯಾಕೆಟ್ ತಾನಾಗಿ ಏರುತ್ತದೆ, ಇಳಿಯುತ್ತದೆ. ನಿದ್ದೆಯಲ್ಲಿ ನೀವು ಹೀಗೇ ಉಸಿರಾಡುವುದು, ಯಾರೂ ಕಲಿಸಿಕೊಟ್ಟಿಲ್ಲ ಅಲ್ವಾ? ಅದೇ ಉಸಿರನ್ನು ಕೂತಾಗಲೂ ಬರಲು ಬಿಡಿ. ಚಕ್ಕಳಮಕ್ಕಳ ಹಾಕಿ ಕೂತಾಗ ಬೆನ್ನು ಕುಸಿಯುವುದಾದರೆ ಕೆಳಗೆ ಒಂದು ಮಡಿಸಿದ ಜಮಖಾನ ಹಾಕಿಕೊಳ್ಳಿ.

ಆಮೇಲೆ ಸರಳೆ ವರಸೆ, ಅಂದರೆ ‘ಸ ರಿ ಗ ಮ ಪ ದ ನಿ ಸ’ ಅನ್ನುವ ಮೊದಲ ಪಾಠ. ನಿಧಾನವಾಗಿ, ಎಂಟು ಎಣಿಕೆಯ ಆದಿತಾಳದಲ್ಲಿ. ಮೊದಲು ನಾಲ್ಕು ಸ್ವರಕ್ಕೊಂದು ಉಸಿರು. ಅದು ಸಲೀಸಾದ ಮೇಲೆ ಎಂಟಕ್ಕೊಂದು. ‘ಸ’ ಮುಗಿದ ಮೇಲೆ ಉಸಿರನ್ನು ಎಳೆಯಬೇಡಿ, ಹೊಟ್ಟೆ ಸಡಿಲ ಬಿಡಿ, ಗಾಳಿ ತಾನೇ ಬರುತ್ತದೆ. ಸದ್ದು ಬಂದರೆ ಗಂಟಲು ಬಿಗಿಯಾಗಿದೆ ಅಂತ ತಿಳಿದುಕೊಳ್ಳಿ. ದೇವರನಾಮದ ಪುಸ್ತಕದಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಪದ ಒಡೆಯದ ಹಾಗೆ.

ಇನ್ನೊಂದು. ಆಫೀಸಿನಿಂದ ನೇರ ಹೋಗುತ್ತೀರಲ್ಲ, ಕ್ಲಾಸಿನ ಬಾಗಿಲಲ್ಲಿ ಬೆಲ್ಟ್ ಒಂದು ತೂತು ಸಡಿಲ ಮಾಡಿಕೊಳ್ಳಿ. ಮಸಾಲೆ ದೋಸೆ ಬರುವಾಗ ತಿನ್ನಿ, ಹೋಗುವಾಗ ಬೇಡ.