ಗಾಳ, ತಂಗೂಸಿ, ದೋಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಬಾಸ್ ಮೀನಿನವೇ. ಬೇಸಿಗೆ ರಜೆ ಹತ್ತಿರ ಬಂತಲ್ಲ, ಸಹಜ. ಹೊಸಬರಿಗಾಗಿ ಒಂದು ಮಾತು: ನಾನು ತೀರ್ಥಹಳ್ಳಿ ಕಡೆಯವನು. ತುಂಗೆಯಲ್ಲಿ ವಾಟೆಕೋಲು, ಬೆಂಡು, ಎರೆಹುಳ ಹಿಡಿದು ಕಲಿತವನು. ಡಲ್ಲಾಸ್ ಸೀಮೆಗೆ ಬಂದು 21 ವರ್ಷವಾಯಿತು. ಇಲ್ಲಿ ಬರೆಯುವುದೆಲ್ಲ ಟೆಕ್ಸಸ್‌ನ ಕೆರೆಗಳಲ್ಲಿ ನಾನೇ ಮಾಡಿ ನೋಡಿದ್ದು. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಕಾನೂನು ಬೇರೆ ಇರುತ್ತದೆ, ನೋಡಿಕೊಳ್ಳಿ.

ಕೆಲಸಕ್ಕೆಂದು ಬಂದು ಆರು ತಿಂಗಳಾಯಿತು. ಅಂಗಡಿಗೆ ಹೋದರೆ ರಾಡ್‌ಗಳ ಕಾಡೇ ಇದೆ, ತಲೆ ತಿರುಗುತ್ತದೆ. ಮುನ್ನೂರು ಡಾಲರ್ ತೆಗೆದಿಟ್ಟಿದ್ದೇನೆ. ಬೇಟ್‌ಕಾಸ್ಟರ್ ರೀಲ್ ಕೊಳ್ಳಲೋ, ಸ್ಪಿನ್ನಿಂಗ್ ರೀಲ್ ಕೊಳ್ಳಲೋ? — ಇರ್ವಿಂಗ್‌ನಿಂದ ಒಬ್ಬರು

ಸ್ಪಿನ್ನಿಂಗ್ ತಗೊಳ್ಳಿ. ಏಳಡಿ ರಾಡ್, ಮೀಡಿಯಂ ಪವರ್, ಫಾಸ್ಟ್ ಆಕ್ಷನ್. ಅದಕ್ಕೆ 2500 ಅಥವಾ 3000 ಸೈಜಿನ ರೀಲ್, ಅಂದರೆ ದಾರ ಸುತ್ತುವ ರಾಟೆ. ನಿಮ್ಮ ದುಡ್ಡಲ್ಲಿ ಅರ್ಧದೊಳಗೇ ಎರಡೂ ಬರುತ್ತವೆ. ಪವರ್ ಅಂದರೆ ಕೋಲು ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು, ಆಕ್ಷನ್ ಅಂದರೆ ಅದು ಎಲ್ಲಿಂದ ಬಗ್ಗುತ್ತದೆ ಅನ್ನುವುದು. ಊರಿನ ವಾಟೆಕೋಲು ನಡುವಿನಿಂದಲೇ ಬಾಗುತ್ತಿತ್ತು. ಫಾಸ್ಟ್ ರಾಡ್ ತುದಿಯಲ್ಲಿ ಮಾತ್ರ ಬಾಗುತ್ತದೆ, ಹಾಗಾಗಿ ಮೀನು ಮುಟ್ಟಿದ್ದು ಕೈಗೆ ಬೇಗ ಗೊತ್ತಾಗುತ್ತದೆ.

ಬೇಟ್‌ಕಾಸ್ಟರ್‌ನಲ್ಲಿ ಎಸೆದಾಗ ದಾರದ ಉರುಳೆಯೇ ತಿರುಗುತ್ತದೆ. ಬೇಟ್ (ಕೊಕ್ಕೆಯ ಆಮಿಷ) ನಿಧಾನವಾದಾಗ ಉರುಳೆ ಇನ್ನೂ ಜೋರಾಗಿ ತಿರುಗುತ್ತಿದ್ದರೆ ಒಳಗೆ ದಾರ ಗೋಜಲಾಗಿ ಹಕ್ಕಿಗೂಡು ಕಟ್ಟುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಕಲಿಯಲು ಒಂದು ಬೇಸಿಗೆ ಬೇಕು. ಸ್ಪಿನ್ನಿಂಗ್‌ನಲ್ಲಿ ಉರುಳೆ ನಿಂತೇ ಇರುತ್ತದೆ, ದಾರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಹಗುರ ಬೇಟ್‌ಗೂ ಗಾಳಿಗೂ ಅದೇ ಹಿತ. ಬೇಟ್‌ಕಾಸ್ಟರ್ ಎರಡನೇ ವರ್ಷಕ್ಕಿರಲಿ.

ಉಳಿದ ದುಡ್ಡಿನಲ್ಲಿ ಬಣ್ಣಬಣ್ಣದ ಬೇಟ್ ಕೊಳ್ಳಬೇಡಿ, ದಯವಿಟ್ಟು. ಒಳ್ಳೆಯ ತಂಗೂಸಿ ಕೊಳ್ಳಿ, ಒಳ್ಳೆಯ ಕೊಕ್ಕೆ ಕೊಳ್ಳಿ. ಮೀನಿಗೂ ನಿಮಗೂ ನಡುವೆ ಇರುವುದು ಅವೆರಡೇ. ಮೊದಲಿಗೆ 8 ಅಥವಾ 10 ಪೌಂಡ್ ಎಳೆತ ತಡೆಯುವ ಮಾನೋ, ಅಂದರೆ ಒಂದೇ ಎಳೆಯ ನೈಲಾನ್ ತಂಗೂಸಿ, ಸಾಕು. ಅದು ಸ್ವಲ್ಪ ಹಿಗ್ಗುತ್ತದೆ, ಹೊಸಬರ ಒರಟು ಎಳೆತವನ್ನು ತಡೆದುಕೊಳ್ಳುತ್ತದೆ. ಫ್ಲೋರೋಕಾರ್ಬನ್ ಮುಳುಗುತ್ತದೆ, ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬ್ರೇಡ್, ಅಂದರೆ ಹೆಣೆದ ದಾರ, ಹಿಗ್ಗುವುದೇ ಇಲ್ಲ. ಅವೆರಡು ಆಮೇಲೆ ನೋಡೋಣ.

ಪ್ರತಿ ಮೀನು ಹಿಡಿದ ಮೇಲೆ, ಪ್ರತಿ ಸಲ ಮರಕ್ಕೆ ಸಿಕ್ಕಿ ಬಿಡಿಸಿಕೊಂಡ ಮೇಲೆ, ಕೊಕ್ಕೆಯ ಮೇಲಿನ ಮೂರಡಿ ದಾರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆಯಿರಿ. ಒಂದೇ ಒಂದು ಕಡೆ ಬೆರಳಿಗೆ ತರಿ ತಗುಲಿದರೆ ಅಲ್ಲಿಗೆ ಕತ್ತರಿಸಿ, ಮತ್ತೆ ಗಂಟು ಹಾಕಿ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಬಿಗಿದರೆ ಉಜ್ಜಿದ ಬಿಸಿಗೆ ದಾರ ಸುಟ್ಟು ಸೊರಗುತ್ತದೆ. ನಾನು ಹಾಕುವುದು ಪಾಲೊಮಾರ್ ಗಂಟು. ದಾರವನ್ನು ಮಡಚಿ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಆ ಮಡಿಕೆಯಲ್ಲಿ ಒಂದು ಸಾದಾ ಗಂಟು ಹಾಕಿ, ಮಡಿಕೆಯ ಕುಣಿಕೆಯೊಳಗಿಂದ ಕೊಕ್ಕೆಯನ್ನು ದಾಟಿಸಿ ಎಳೆದರೆ ಮುಗಿಯಿತು. ಕತ್ತಲಲ್ಲೂ ಹಾಕಬಹುದು.

ಲೇಕ್ ಫೋರ್ಕ್‌ಗೆ ಹೋಗಿದ್ದೆ. ನೀರೊಳಗೆಲ್ಲ ಒಣಮರ. ಒಂದೇ ದಿನ ಹದಿನಾಲ್ಕು ಕೊಕ್ಕೆ ಕಳೆದುಕೊಂಡೆ, ಮೀನು ಒಂದೂ ಇಲ್ಲ. — ಟೈಲರ್‌ನಿಂದ

ಆ ಮರಗಳಿರುವುದರಿಂದಲೇ ಅಲ್ಲಿ ಮೀನಿರುವುದು. 1980ರಲ್ಲಿ ನೀರು ನಿಲ್ಲಿಸಿದಾಗ ಕಾಡಿನ ಬಹುಭಾಗವನ್ನು ಹಾಗೇ ಬಿಟ್ಟರು. ಟೆಕ್ಸಸ್‌ನ ದಾಖಲೆಯ ಲಾರ್ಜ್‌ಮೌತ್ ಬಾಸ್, 18.18 ಪೌಂಡ್ ತೂಗಿದ್ದು, 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲೇ. ನಿಮಗೆ ಬೇಕಾದ್ದು ಟೆಕ್ಸಸ್ ರಿಗ್, ಅಂದರೆ ಕೊಕ್ಕೆಯ ಮೊನೆ ಮರಕ್ಕೆ ಸಿಗದಂತೆ ಪ್ಲಾಸ್ಟಿಕ್ ಹುಳದೊಳಗೆ ಅಡಗಿಸಿ ಕಟ್ಟುವ ವಿಧಾನ. ನೀವಿರುವ ಊರಿಗೂ ಅದಕ್ಕೂ ನಂಟಿದೆ. ನಿಕ್ ಕ್ರೀಮ್ ಎಂಬಾತ 1949ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಮನೆಯ ಒಲೆಯ ಮೇಲೇ ಪ್ಲಾಸ್ಟಿಕ್ ಕಾಯಿಸಿ ಅಚ್ಚಿಗೆ ಹೊಯ್ದು ಮೆತ್ತನೆಯ ಹುಳ ಮಾಡಿದ. ಆಮೇಲೆ ಅವನ ಕಾರ್ಖಾನೆ ಬಂದು ನೆಲೆಸಿದ್ದು ಟೈಲರ್‌ನಲ್ಲಿ.

ಕಟ್ಟುವುದು ಹೀಗೆ. ದಾರಕ್ಕೆ ಮೊದಲು 3/16 ಔನ್ಸಿನ ಗುಂಡಿನಾಕಾರದ ಭಾರ ಪೋಣಿಸಿ, ಚೂಪು ಕಡೆ ಮೇಲಕ್ಕೆ. ಸೀಸಕ್ಕಿಂತ ಟಂಗ್‌ಸ್ಟನ್ ಒಳ್ಳೆಯದು: ಗಾತ್ರ ಚಿಕ್ಕದು, ಗಡಸು, ತಳದಲ್ಲಿ ಕಲ್ಲೋ ಕೆಸರೋ ಮರವೋ ಕೈಗೆ ತಿಳಿಯುತ್ತದೆ. ನುಂಗಿದ ನೀರುಹಕ್ಕಿಗಳನ್ನು ಸೀಸ ಕೊಲ್ಲುತ್ತದೆ ಅನ್ನುವುದೂ ನನಗೆ ದೊಡ್ಡ ಕಾರಣವೇ. ಭಾರದ ಕೆಳಗೆ 3/0 ಸೈಜಿನ ಆಫ್‌ಸೆಟ್ ಕೊಕ್ಕೆ (ಕಣ್ಣಿನ ಹತ್ತಿರ ಮಡಿಕೆಯಿರುವುದು) ಕಟ್ಟಿ. ಏಳಿಂಚು ಹುಳದ ತಲೆಗೆ ಕೊಕ್ಕೆಯ ಮೊನೆ ಚುಚ್ಚಿ, ಕಾಲಿಂಚು ಒಳಗೆ ಹೋದ ಮೇಲೆ ಪಕ್ಕದಿಂದ ಹೊರಗೆ ತೆಗೆಯಿರಿ. ಹುಳದ ತಲೆ ಕೊಕ್ಕೆಯ ಕಣ್ಣಿನ ಹತ್ತಿರದ ಮಡಿಕೆಗೆ ಬರುವವರೆಗೆ ಜಾರಿಸಿ. ಈಗ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ, ಹುಳವನ್ನು ನೇರ ಜೋತುಬಿಟ್ಟು, ಮೊನೆ ಎಲ್ಲಿಗೆ ತಗುಲುತ್ತದೋ ಅಲ್ಲೇ ಮೈಗೆ ಚುಚ್ಚಿ. ಮೊನೆ ಆಚೆ ಬದಿಯ ಚರ್ಮದಡಿ ಅಡಗಿರಲಿ, ಹೊರಗೆ ಇಣುಕಬಾರದು. ಹುಳ ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಚುಚ್ಚಿ. ಸೊಟ್ಟ ಹುಳ ನೀರಲ್ಲಿ ಬುಗುರಿಯ ಹಾಗೆ ಸುತ್ತಿ ದಾರವನ್ನೂ ಹುರಿ ಮಾಡುತ್ತದೆ.

ಎಸೆದ ಮೇಲೆ ತಳ ಮುಟ್ಟುವವರೆಗೆ ಬಿಡಿ. ರಾಡ್ ತುದಿಯನ್ನು ನಿಧಾನಕ್ಕೆ ಒಂದಡಿ ಎತ್ತಿ ಮತ್ತೆ ಇಳಿಸಿ. ಬಾಸ್ ಹೆಚ್ಚಾಗಿ ಕಚ್ಚುವುದು ಇಳಿಯುವಾಗ, ಆಗ ಎಳೆತ ಗೊತ್ತಾಗುವುದಿಲ್ಲ. ದಾರ ನೀರಿಗಿಳಿಯುವ ಜಾಗದ ಮೇಲೆ ಕಣ್ಣಿಡಿ. ಅದು ಒಮ್ಮೆ ‘ಟಕ್’ ಎಂದು ಮಿಡಿದರೆ, ಅಥವಾ ಸುಮ್ಮನೆ ಪಕ್ಕಕ್ಕೆ ಸರಿಯತೊಡಗಿದರೆ, ಸಡಿಲ ದಾರ ಸುತ್ತಿಕೊಂಡು ಜೋರಾಗಿ ಎಳೆಯಿರಿ.

ಅಳತೆಪಟ್ಟಿ ಮರೆಯಬೇಡಿ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಲಾರ್ಜ್‌ಮೌತ್ ಬಾಸನ್ನು ಇಟ್ಟುಕೊಳ್ಳುವಂತಿಲ್ಲ, ನೀರಿಗೆ ಬಿಡಲೇಬೇಕು.

ನಮ್ಮ ತಂದೆ ನಾಲ್ಕು ತಿಂಗಳಿಗೆಂದು ಬಂದಿದ್ದಾರೆ. ಹೊಳೆನರಸೀಪುರದವರು, ಹೇಮಾವತಿಯಲ್ಲಿ ಗಾಳ ಹಾಕಿ ಬೆಳೆದವರು. ಇಲ್ಲಿ ಮನೆಯೊಳಗೇ ಕೂತು ಬೇಜಾರಾಗಿದ್ದಾರೆ. ಲೈಸೆನ್ಸ್ ಬೇಕೆ? — ಫ್ರಿಸ್ಕೊ

17 ವರ್ಷ ತುಂಬಿದವರಿಗೆ ಬೇಕು, ಪ್ರವಾಸಕ್ಕೆ ಬಂದವರಿಗೂ ಬೇಕು. ಒಂದು ದಿನದ ಲೈಸೆನ್ಸೂ ಸಿಗುತ್ತದೆ. ಆದರೆ ಟೆಕ್ಸಸ್‌ನ ಸ್ಟೇಟ್ ಪಾರ್ಕ್‌ಗಳ ಒಳಗೆ ದಂಡೆಯಿಂದ ಹಿಡಿಯಲು ಲೈಸೆನ್ಸೇ ಬೇಡ, ಪಾರ್ಕಿನ ಪ್ರವೇಶ ಶುಲ್ಕ ಕೊಟ್ಟರಾಯಿತು. ಜೂನ್ ತಿಂಗಳ ಮೊದಲ ಶನಿವಾರ ರಾಜ್ಯದಲ್ಲೆಲ್ಲೂ ಬೇಡ.

ಅವರ ಕೈಗೆ ರೀಲ್ ಕೊಟ್ಟು ಪಾಠ ಮಾಡಲು ಹೋಗಬೇಡಿ. ರೀಲ್ ಇಲ್ಲದ ಹತ್ತಡಿ ಉದ್ದದ ಕೋಲು ಇಲ್ಲೂ ಸಿಗುತ್ತದೆ. ಅದಕ್ಕೊಂದು ಬೆಂಡು, ಸಣ್ಣ ಕೊಕ್ಕೆ, ಎರೆಹುಳ. ಬ್ಲೂಗಿಲ್ ಅನ್ನುವ ಅಂಗೈಯಗಲದ ಮೀನು ಬೆಳಗಿನಿಂದ ಮಧ್ಯಾಹ್ನದವರೆಗೆ ಕಚ್ಚುತ್ತಲೇ ಇರುತ್ತದೆ. ನಮ್ಮಪ್ಪ ಬಂದಾಗ ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ನಾಲ್ಕನೇ ದಿನ ಬೆಂಡು ಮುಳುಗಿದ್ದೇ ತಡ, ಪಕ್ಕದಲ್ಲಿ ಗಾಳ ಹಾಕಿದ್ದ ಮೆಕ್ಸಿಕೋದ ಅಜ್ಜನಿಗೆ ಕನ್ನಡದಲ್ಲೇ ಎರೆಹುಳ ಪೋಣಿಸುವುದು ಹೇಳಿಕೊಟ್ಟರು. ಒಂದು ಮಡಚುವ ಕುರ್ಚಿ ಒಯ್ಯಿರಿ, ಟೊಪ್ಪಿ ಒಯ್ಯಿರಿ, ನೀರು ಜಾಸ್ತಿ ಒಯ್ಯಿರಿ.

ಹಳೆಯ ಜಾನ್ ಬೋಟ್ ಒಂದು ಕಡಿಮೆ ಬೆಲೆಗೆ ಬಂದಿದೆ. 10 ಅಡಿ ಉದ್ದ, 4 ಅಡಿ ಅಗಲ, ಅಲ್ಯೂಮಿನಿಯಂ. ನಾವು ಮೂವರು ಗೆಳೆಯರು ಸೇರಿ ಕೊಳ್ಳೋಣ ಅಂತಿದ್ದೇವೆ. — ಪ್ಲೇನೊ

ಈ ಪತ್ರ ಓದಿ ನನಗೆ ಕೈ ತಣ್ಣಗಾಯಿತು. ಅದೇ ಅಳತೆಯ ದೋಣಿಯನ್ನು ನಾವೂ ಮೂವರು ಸೇರಿಯೇ ಕೊಂಡಿದ್ದೆವು.

ಮೊದಲು ಲೆಕ್ಕ. ಎಷ್ಟು ಜನ, ಎಷ್ಟು ತೂಕ ಅನ್ನುವ ಫಲಕ ದೋಣಿಗೆ ಹೊಡೆದಿರುತ್ತದೆ. ಅದು ಕಿತ್ತುಹೋಗಿದ್ದರೆ ಅಡಿಯಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಿ. ನಿಮ್ಮದು 40 ಭಾಗಿಸು 15, ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಅಂದರೆ ಇಬ್ಬರು. ಅದೂ ಗಾಳಿಯಿಲ್ಲದ ದಿನ. ಬ್ಯಾಟರಿ, ಮೋಟಾರು, ಐಸ್ ಡಬ್ಬಿ ಎಲ್ಲ ಅದರ ಮೇಲೆ.

ನಾವು ಆ ಲೆಕ್ಕ ಹಾಕಿರಲಿಲ್ಲ. ಫೆಬ್ರವರಿ ಕೊನೆಯಲ್ಲಿ ಲವಾನ್ ಕೆರೆಗೆ ಇಳಿಸಿದೆವು. ಬೆಳಿಗ್ಗೆ ನೀರು ಎಣ್ಣೆ ಹೊಯ್ದ ಹಾಗಿತ್ತು. ಹತ್ತು ಗಂಟೆಗೆ ಬಡಗಲಿಂದ ಗಾಳಿ ತಿರುಗಿತು. ಇಲ್ಲಿಯವರು ನಾರ್ದರ್ ಅನ್ನುವುದು ಅದಕ್ಕೇ, ಬಯಲು ಸೀಮೆಯಲ್ಲಿ ತಡೆಯೇ ಇಲ್ಲದೆ ಬರುತ್ತದೆ. ಜಾನ್ ಬೋಟಿನ ಮೂತಿ ಚೌಕ, ತಳ ಚಪ್ಪಟೆ, ಅಲೆಯನ್ನು ಸೀಳುವುದಿಲ್ಲ. ಎರಡು ಅಲೆ ಒಳಗೆ ಬಂದವು, ಮೂರನೆಯದಕ್ಕೆ ನಾವು ನೀರಲ್ಲಿದ್ದೆವು. ಲೈಫ್ ಜಾಕೆಟ್ ಮೂರೂ ಇದ್ದವು, ಕುಂಡಿಯ ಕೆಳಗೆ ಮೆತ್ತೆಯಾಗಿ. ತೇಲಿದ ಒಂದನ್ನು ಹಿಡಿದು ತೋಳಿಗೇನೋ ಹಾಕಿದೆ, ಬಕಲ್ ಹಾಕಲು ಬೆರಳು ಬರಲಿಲ್ಲ. ಬೆರಳಿದೆ, ಕಾಣುತ್ತಿದೆ, ಮಾತು ಕೇಳುತ್ತಿಲ್ಲ. ಆ ಚಳಿಗೆ ಒಂದೆರಡು ನಿಮಿಷ ಸಾಕು. ಸೀಟಿನ ಕೆಳಗಿನ ಫೋಮ್‌ನಿಂದ ದೋಣಿ ಪೂರ್ತಿ ಮುಳುಗಲಿಲ್ಲ. ಅದಕ್ಕೇ ಜೋತುಬಿದ್ದು, ಗಾಳಿ ದಂಡೆಯ ಕಡೆ ತಳ್ಳಿದ್ದರಿಂದ ಕಾಲಿಗೆ ಕೆಸರು ಸಿಕ್ಕಿತು. ಗಾಳಿ ಆಚೆ ಕಡೆಗೆ ಬೀಸಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ.

ಹಾಗಾಗಿ: ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲೆ ಇರಬೇಕು, ಬಕಲ್ ದಂಡೆಯಲ್ಲೇ ಹಾಕಿರಬೇಕು. 13 ವರ್ಷದೊಳಗಿನ ಮಕ್ಕಳಿಗೆ ಕಾನೂನೇ ಅದು; ದೊಡ್ಡವರಿಗೆ ನಾನು ಹೇಳುವ ಕಾನೂನು. ತೆಳ್ಳಗಿನ ಒಳ್ಳೆಯ ಜಾಕೆಟ್ ತಗೊಂಡರೆ ಎಸೆಯುವಾಗ ತೋಳಿಗೆ ಅಡ್ಡಬರುವುದಿಲ್ಲ. ಇದಕ್ಕೆ ಹೋಗುವ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ. ಮೂರು ಅಶ್ವಶಕ್ತಿ ಅಥವಾ ಮೇಲಿನ ಎಂಜಿನ್ ಇದ್ದರೆ, ಚಾಲಕ ಬಿದ್ದ ಕೂಡಲೇ ಎಂಜಿನ್ ನಿಲ್ಲಿಸುವ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳಿ. 2021ರ ಏಪ್ರಿಲ್‌ನಿಂದ ಅದು ದೇಶಕ್ಕೆಲ್ಲ ಕಾನೂನು.

ಇಬ್ಬರೇ ಹೋಗುವುದಾದರೆ ದೋಣಿ ಕೊಳ್ಳಿ, ಪರೀಕ್ಷೆ ಮಾಡಿ ಕೊಳ್ಳಿ. ಟ್ರೇಲರ್ ಮೇಲಿರುವಾಗಲೇ ತೂತಿನ ಬಿರಡೆ ಹಾಕಿ ಒಳಗೆ ಮೂರು ಇಂಚು ನೀರು ಬಿಡಿ, ಕೆಳಗೆ ಕೂತು ನೋಡಿ. ಯಾವ ರಿವೆಟ್ಟಿನಲ್ಲಿ ಹನಿ ಕಾಣುತ್ತದೋ ಅಲ್ಲಿ ಸೋರಿಕೆ. ಮೋಟಾರು ಕೂರುವ ಹಿಂಬದಿಯ ಹಲಗೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಸದ್ದು ಬರಬೇಕು, ಮೆತ್ತಗಿದ್ದರೆ ಒಳಗೆ ಕೊಳೆತಿದೆ. ಟೆಕ್ಸಸ್‌ನಲ್ಲಿ ಬ್ಯಾಟರಿಯ ಟ್ರೋಲಿಂಗ್ ಮೋಟಾರು ಇಟ್ಟರೂ ದೋಣಿಯ ನೋಂದಣಿ ಆಗಬೇಕು, ಹಾಗಾಗಿ ಮಾರುವವರ ಹೆಸರಲ್ಲೇ ಕಾಗದಪತ್ರ ಇದೆಯೇ ನೋಡಿ. ಕೆರೆಯಿಂದ ಮೇಲೆ ಎಳೆದ ಕೂಡಲೇ ಬಿರಡೆ ತೆಗೆದು ಒಳಗಿನ ನೀರೆಲ್ಲ ಬಸಿಯಿರಿ. ಝೀಬ್ರಾ ಮಸ್ಸೆಲ್ ಅನ್ನುವ, ಹೊರಗಿನಿಂದ ಬಂದು ಕೆರೆ ಕೆಡಿಸುವ ಚಿಪ್ಪುಜೀವಿ 2009ರಲ್ಲಿ ಟೆಕ್ಸೋಮಾ ಕೆರೆಯಲ್ಲಿ ಕಾಣಿಸಿಕೊಂಡಿತು. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ, ಉಳಿದ ಒಂದು ಲೋಟ ನೀರಲ್ಲಿ ಇನ್ನೊಂದು ಕೆರೆಗೆ ಹೋಗಿಬಿಡುತ್ತದೆ.

ಮೂರನೆಯ ಗೆಳೆಯರಿಗೆ ಒಂದು ಕಯಾಕ್ ಕೊಳ್ಳಿ.

ಎಂಟು ವರ್ಷದ ಮಗಳು ಮೊದಲ ಬಾಸ್ ಹಿಡಿದಳು. ಕೊಕ್ಕೆ ಗಂಟಲೊಳಗೆ ಹೋಗಿತ್ತು. ತೆಗೆಯಲು ಹೋಗಿ ಮೀನು ಸತ್ತಿತು. ಈಗ ಗಾಳ ಮುಟ್ಟಲ್ಲ ಅಂತಾಳೆ. — ರೌಂಡ್ ರಾಕ್‌ನಿಂದ ಒಬ್ಬ ತಾಯಿ

ಮಗುವಿನ ಮನಸ್ಸು ಸರಿಯಾಗಿಯೇ ಇದೆಯಮ್ಮ. ಒತ್ತಾಯ ಮಾಡಬೇಡಿ. ಮತ್ತೆ ಕೇಳಿದಾಗ ಹೀಗೆ ಮಾಡಿ: ಮನೆಯಲ್ಲೇ ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡುವುದನ್ನು ಅವಳಿಂದಲೇ ಮಾಡಿಸಿ. ಮುಳ್ಳಿಲ್ಲದ ಕೊಕ್ಕೆ ಬಂದ ದಾರಿಯಲ್ಲೇ ಜಾರಿ ಬರುತ್ತದೆ. ಕಚ್ಚಿದ ಕೂಡಲೇ ಎಳೆದರೆ ತುಟಿಗೇ ಸಿಗುತ್ತದೆ. ಆಳಕ್ಕೆ ಹೋಗಿದ್ದರೆ ಅಗೆಯಬೇಡಿ. ದಾರವನ್ನು ಕೊಕ್ಕೆಯ ಹತ್ತಿರಕ್ಕೆ ಕತ್ತರಿಸಿ ಬಿಟ್ಟುಬಿಡಿ, ಕಿತ್ತು ತೆಗೆಯುವುದಕ್ಕಿಂತ ಹಾಗೆ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಮೈಮೇಲಿನ ಲೋಳೆ ಅದಕ್ಕೆ ರಕ್ಷೆ. ದೊಡ್ಡ ಮೀನನ್ನು ದವಡೆಯಿಂದ ನೇತುಹಾಕಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ.

ಸಕಲೇಶಪುರದ ನಮ್ಮ ತೋಟದ ಕೆರೆಗೆ ಬಾಸ್ ಮರಿ ತಂದು ಬಿಡಬಹುದೇ? — ಬೆಂಗಳೂರಿನಿಂದ, ಮಗನ ಮೂಲಕ ಓದುವವರು

ಬೇಡ ಸ್ವಾಮಿ, ಖಂಡಿತ ಬೇಡ. ನಿಮ್ಮ ಕೆರೆ ಮಳೆಗಾಲದಲ್ಲಿ ಕೋಡಿ ಬಿದ್ದು ಹಳ್ಳಕ್ಕೆ, ಹಳ್ಳ ಹೇಮಾವತಿಗೆ ಸೇರುತ್ತದೆ. ಜಪಾನಿನವರು 1925ರಲ್ಲಿ ಆಶಿ ಎಂಬ ಒಂದು ಕೆರೆಗೆ ಬಾಸ್ ತಂದು ಬಿಟ್ಟರು. ಅದು ದೇಶವೆಲ್ಲ ಹಬ್ಬಿತು. ಬೀವಾ ಕೆರೆಯಲ್ಲಿ 2009ರಲ್ಲಿ ಸಿಕ್ಕಿದ ಬಾಸ್ ಜಾರ್ಜಿಯಾದ 1932ರ ವಿಶ್ವದಾಖಲೆಯನ್ನು ಸರಿಗಟ್ಟಿತು, 22 ಪೌಂಡಿಗೂ ಹೆಚ್ಚು. ಗಾಳದವರಿಗೆ ಹಬ್ಬ, ಆದರೆ ಅಲ್ಲಿನ ಸಣ್ಣ ಮೀನುಗಳನ್ನು ಅದು ತಿಂದು ತೇಗಿತು. 2005ರಲ್ಲಿ ಅದನ್ನು ಸಾಕುವುದು, ಸಾಗಿಸುವುದನ್ನೆಲ್ಲ ಕಾನೂನಿನಿಂದ ನಿಷೇಧಿಸಬೇಕಾಯಿತು. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಿಗೆ ಮಾಡಿದ್ದನ್ನು ನೀವೇ ಕಂಡಿದ್ದೀರಿ. ಕಾವೇರಿಗೇ ಸೇರಿದ ಗೂನುಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ, ಅದಕ್ಕೆ ಇನ್ನೊಬ್ಬ ಶತ್ರು ಬೇಡ. ನಿಮ್ಮ ಕೆರೆಯಲ್ಲಿ ಊರಿನ ಕೊರವ ಮೀನಿದ್ದರೆ, ಬಾಸ್‌ಗೆ ಎಸೆಯುವ ರಬ್ಬರ್ ಕಪ್ಪೆಯನ್ನೇ ಕಳೆಯ ಮೇಲೆ ಎಸೆದು ಎಳೆಯಿರಿ. ನೀರು ಸಿಡಿಸಿಕೊಂಡು ಬರುತ್ತದೆ.

ಡಬ್ಬಿಯಲ್ಲಿಟ್ಟ ಪ್ಲಾಸ್ಟಿಕ್ ಹುಳಗಳೆಲ್ಲ ಕರಗಿ ಅಂಟಂಟಾಗಿವೆ. — ಕ್ಯಾಟಿಯಿಂದ

ಮೆತ್ತನೆಯ ಹುಳವನ್ನು ಗಡಸು ಪ್ಲಾಸ್ಟಿಕ್ ಬೇಟ್ ಜೊತೆ, ಬೇರೆ ಜಾತಿಯ ಪ್ಲಾಸ್ಟಿಕ್ ಜೊತೆ ಇಟ್ಟರೆ ಹಾಗಾಗುತ್ತದೆ. ಬಂದ ಚೀಲದಲ್ಲೇ ಇಡಿ. ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಜುಲೈ ಬಿಸಿಲಿಗೆ ಬಣ್ಣವೂ ಒಂದರದ್ದು ಇನ್ನೊಂದಕ್ಕೆ ಹತ್ತುತ್ತದೆ.