ಯೋಮ್ ಕಿಪ್ಪೂರ್ ಉಪವಾಸದ ಹೊತ್ತಿಗೇ ಅಮೆರಿಕದ ಸಿನಗಾಗ್‌ಗಳು (ಯಹೂದಿ ಪ್ರಾರ್ಥನಾ ಮಂದಿರಗಳು) ಬಡವರಿಗೆ ದಿನಸಿ ಕೂಡಿಸುವುದೇಕೆ?

ಆ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಓದುವ ಪಾಠವೇ ಮುಖ್ಯ ಕಾರಣ. ಯೋಮ್ ಕಿಪ್ಪೂರ್ ಯಹೂದಿಗಳ ಪ್ರಾಯಶ್ಚಿತ್ತದ ದಿನ; ಸುಮಾರು 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ. ಹೊಟ್ಟೆ ಚುರುಗುಟ್ಟುತ್ತಿರುವಾಗಲೇ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಕಿವಿಗೆ ಬೀಳುತ್ತದೆ: ದೇವರು ಕೇಳುವ ಉಪವಾಸ ತಲೆ ತಗ್ಗಿಸಿ ಕೂರುವುದಲ್ಲ, ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದು.

ಅನೇಕ ಕಡೆ ಹೊಸ ವರ್ಷವಾದ ರೋಶ್ ಹಶಾನಾದಂದೇ ಮನೆಗೊಂದು ಖಾಲಿ ಕಾಗದದ ಚೀಲ ಕೊಡುತ್ತಾರೆ. ಅದರ ಮೇಲೆ ಪಟ್ಟಿ ಅಂಟಿಸಿರುತ್ತಾರೆ: ಡಬ್ಬಿ ಮೀನು, ಪೀನಟ್ ಬಟರ್, ಅಕ್ಕಿ, ಪಾಸ್ತಾ. ಉಪವಾಸ ಶುರುವಾಗುವ ಸಂಜೆಯ ‘ಕೋಲ್ ನಿಡ್ರೇ’ ಪ್ರಾರ್ಥನೆಗೆ ಬರುವಾಗ ತುಂಬಿದ ಚೀಲ ತರಬೇಕು. ಸಂಪ್ರದಾಯಸ್ಥರು ಸೂರ್ಯ ಮುಳುಗಿದ ಮೇಲೆ ಬೀದಿಯಲ್ಲಿ ಸಾಮಾನು ಹೊರುವುದಿಲ್ಲವಾದ್ದರಿಂದ, ಅಂಥ ಕಡೆ ಮೊದಲೇ ತಂದಿಡಬೇಕು.

ಎಡವಟ್ಟಾಗುವುದು ಕೊನೇ ಗಳಿಗೆಯಲ್ಲಿ ಅಡುಗೆಮನೆ ಕಪಾಟು ಬರಿದು ಮಾಡುವವರಿಂದ. ಅವಧಿ ಮುಗಿದ ಡಬ್ಬಿ, ಬಾಯಿ ಬಿಚ್ಚಿದ ಪೊಟ್ಟಣ ನೇರ ಕಸಕ್ಕೆ. ಗಾಜಿನ ಬಾಟಲಿ ಒಡೆದರೆ ಇಡೀ ಚೀಲವೇ ಹಾಳು. ಅಂಚಿನ ಬೆಸುಗೆ ಜಜ್ಜಿದ ಡಬ್ಬಿಯೊಳಗೆ ಗಾಳಿ ಹೋಗಿ ಆಹಾರ ಕೆಟ್ಟಿರಬಹುದು, ಅದನ್ನೂ ಎಸೆಯಬೇಕು.

ಇನ್ನೊಂದು ತೊಡಕು, ಹಬ್ಬದ ಚೀಲಗಳೆಲ್ಲ ಒಟ್ಟಿಗೇ ಬಂದು ಬೀಳುತ್ತವೆ, ಹಸಿವು ಮಾತ್ರ ವರ್ಷವಿಡೀ. ಹಾಗಾಗಿ ನಗದೇ ಹೆಚ್ಚು ಅನುಕೂಲ. ಬಡವರಿಗೆ ದಿನಸಿ ಹಂಚುವ ಆಹಾರ ಬ್ಯಾಂಕುಗಳು ಸಗಟು ದರದಲ್ಲಿ ಕೊಳ್ಳುತ್ತವೆ. 1985ರಲ್ಲಿ ಶುರುವಾದ ಮಾಜೋನ್ ಎಂಬ ಯಹೂದಿ ಸಂಸ್ಥೆ ಮದುವೆಯಂಥ ಸಮಾರಂಭಗಳ ಖರ್ಚಿನ 3% ಹಣವನ್ನು ಹಸಿದವರಿಗೆಂದು ಎತ್ತಿಡಲು ಕೇಳಿತು.